ತುಬ್ಲಿ ಕೊಲ್ಲಿಯಲ್ಲಿ ಉಳಿದ ಕಾಂಡ್ಲ

ಮಂಗಳೂರಿನಿಂದ ಬಹ್ರೇನಿಗೆ ವಿಮಾನದಲ್ಲಿ ನಾಲ್ಕು ಗಂಟೆಯ ದಾರಿ. ಫೆಬ್ರವರಿಯ ಒಂದು ದಿನ ಬೆಳಕು ಹರಿಯುವ ಮೊದಲೇ ಬಾರಕೂರಿನ ಮನೆ ಬಿಟ್ಟು, ಬಜಪೆಯಲ್ಲಿ ವಿಮಾನ ಹತ್ತಿ, ಅಲ್ಲಿನ ಮಧ್ಯಾಹ್ನಕ್ಕೆ ಮುಂಚೆ ಮುಹರ್ರಕ್ ದ್ವೀಪದಲ್ಲಿ ಇಳಿದೆ. ಮೂವತ್ತು ವರ್ಷದ ಹಿಂದೆ ಇದೇ ನಿಲ್ದಾಣದಿಂದ ಎರಡು ತಿಂಗಳ ರಜೆಗೆಂದು ಊರಿಗೆ ಹೋದವನು ನಾನು. ಹೋದಾಗ ಅಪ್ಪ ಹಾಸಿಗೆ ಹಿಡಿದಿದ್ದರು. ಆಮೇಲೆ ಊರ ಕಡೆಯೇ ಸರ್ವೆ ಕೆಲಸ ಸಿಕ್ಕಿತು. ಮತ್ತೆ ಬಂದಿರಲಿಲ್ಲ.

ಕರೆದೊಯ್ಯಲು ತಂಗಿಯ ಮಗಳು ಶಾಲಿನಿ ಬಂದಿದ್ದಳು. ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಗಂಡ ಸಿತ್ರಾದ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಇಬ್ಬರೂ ಸನದ್‌ನಲ್ಲಿ ಒಂದು ಫ್ಲ್ಯಾಟು ಹಿಡಿದಿದ್ದಾರೆ.

"ಎಂತ ಮಾವ, ಇಷ್ಟು ಸಪೂರ ಆಗಿದ್ದೀರಿ! ಅಮ್ಮ ಊಟ ಹಾಕುದಿಲ್ವಾ?" ಎಂದು ನನ್ನ ಚೀಲ ಕಿತ್ತುಕೊಂಡಳು.

ಗಾಳಿ ತಂಪಾಗಿತ್ತು, ಒಂದು ತೆಳು ಸ್ವೆಟರ್ ಬೇಕೆನ್ನಿಸುವಷ್ಟು. ಸಮುದ್ರದ ಮೇಲಿನ ರಸ್ತೆ ದಾಟುವಾಗ ಎರಡೂ ಕಡೆ ನೀರಿನ ಬದಲು ಕಟ್ಟಡಗಳೇ ಹೆಚ್ಚು ಕಂಡವು. ನಾನಿದ್ದಾಗ ನೀರಿದ್ದ ಜಾಗಗಳಲ್ಲಿ ಈಗ ಅಂಗಡಿ ಸಾಲು. ಯಾವುದು ಹಳೆಯ ದಡ, ಯಾವುದು ಮಣ್ಣು ತುಂಬಿದ್ದು ಎಂದು ಮನಸ್ಸಿನಲ್ಲೇ ಗೆರೆ ಎಳೆಯುತ್ತಾ ಕುಳಿತೆ.

"ಎಂತೆಲ್ಲ ನೋಡ್ಬೇಕು ಹೇಳಿ ಮಾವ. ಕೋಟೆ ಉಂಟು. ಮರುಭೂಮಿಯಲ್ಲಿ ಒಂಟಿ ಮರ ಉಂಟು, ಎಲ್ಲರೂ ಹೋಗ್ತಾರೆ. ಮಾಲ್ ಉಂಟು."

"ಕಾಂಡ್ಲ ನೋಡಬೇಕು" ಎಂದೆ.

ಅವಳು ನಕ್ಕಳು. "ಕಾಂಡ್ಲ ನೋಡ್ಲಿಕ್ಕೆ ವಿಮಾನ ಹತ್ತಿ ಬರ್ಬೇಕಾ? ನಮ್ಮ ಹೊಳೆ ಬದಿಯಲ್ಲಿ ಬೇಕಾದಷ್ಟು ಉಂಟಲ್ಲ."

ನಿಜ. ಸೀತಾ ಹೊಳೆಯ ಹಿನ್ನೀರಿನಲ್ಲಿ, ಉಪ್ಪುನೀರಿನ ಕೆಸರಲ್ಲಿ ಬೇರೂರುವ ಈ ಕಾಂಡ್ಲ ಮರಗಳ ಮಧ್ಯೆಯೇ ಬೆಳೆದವರು ನಾವು. ಆದರೆ ಬಹ್ರೇನಿನಲ್ಲಿ ಅದು ತಾನಾಗಿ ಬೆಳೆದು ಉಳಿದಿರುವುದು ತುಬ್ಲಿ ಕೊಲ್ಲಿಯೊಂದರಲ್ಲೇ. ಅದೂ ಒಂದೇ ಜಾತಿ. ಅಲ್ಲಿಯವರು ಅದನ್ನು ಕುರ್ಮ್ ಎನ್ನುತ್ತಾರೆ. ಆ ಕೊಲ್ಲಿ ಸನದ್‌ನಿಂದ ನಡೆದು ಹೋಗುವಷ್ಟು ಹತ್ತಿರ.

ಮರುದಿನ ಬೆಳಿಗ್ಗೆ ಶಾಲಿನಿ ಡ್ಯೂಟಿಗೆ ಹೋದ ಮೇಲೆ ಒಬ್ಬನೇ ಹೊರಟೆ. ಅಪಾರ್ಟ್‌ಮೆಂಟುಗಳ ಸಾಲು ಮುಗಿದಲ್ಲಿ ಬೇಲಿ, ಬೇಲಿಯ ಆಚೆ ಹಸಿರು. ಎತ್ತರ ಹೆಚ್ಚೆಂದರೆ ಎರಡಾಳು. ಎಲೆಯ ಮೇಲುಭಾಗ ಕಡು ಹಸಿರು, ಅಡಿ ಬೂದಿ ಬಣ್ಣ. ನೀರು ಇಳಿದಿತ್ತು. ಕೆಸರಿನಿಂದ ಉಸಿರುಬೇರುಗಳು ಪೆನ್ಸಿಲ್ ಚುಚ್ಚಿಟ್ಟ ಹಾಗೆ ಸಾವಿರಗಟ್ಟಲೆ ಮೇಲೆದ್ದಿದ್ದವು. ದೂರದಲ್ಲಿ ರಾಜಹಂಸಗಳ ಒಂದು ಗುಂಪು ಆಳವಿಲ್ಲದ ನೀರಿನಲ್ಲಿ ತಲೆ ತಗ್ಗಿಸಿ ನಿಂತಿತ್ತು. ಬೇಲಿಯಿಂದ ಹೊರಗೆ ಚಾಚಿದ ಒಂದು ಎಲೆ ಕಿತ್ತು ನಾಲಿಗೆಗೆ ತಾಗಿಸಿದೆ. ಉಪ್ಪು. ಚಿಕ್ಕಂದಿನಲ್ಲಿ ಹೊಳೆ ಬದಿಯಲ್ಲಿ ನಾವೂ ಹೀಗೇ ನೆಕ್ಕುತ್ತಿದ್ದೆವು.

ಬೇಲಿಯೊಳಗಿನದು ರಕ್ಷಿತ ಜಾಗವೆಂದು ಫಲಕ ಹೇಳುತ್ತಿತ್ತು. ಒಳ್ಳೆಯದೇ. ಆದರೆ ನಾನು ನೋಡಲು ಬಂದದ್ದು ಈ ದಡವನ್ನಲ್ಲ, ಇದರ ಎದುರಿನ ಸಿತ್ರಾ ಕಡೆಯ ದಡವನ್ನು. ಅಲ್ಲಿ ಏನೂ ಉಳಿದಿರಲಾರದೆಂದು ನನಗೆ ಗೊತ್ತಿತ್ತು. ಯಾಕೆ ಗೊತ್ತಿತ್ತೆಂದು ಇಲ್ಲೇ ಹೇಳಿಬಿಡುತ್ತೇನೆ.

ಆಗ ನಾನು ಒಂದು ಗುತ್ತಿಗೆ ಕಂಪನಿಯಲ್ಲಿ ಸರ್ವೇಯರ್. ಕೊಲ್ಲಿಯ ಅಂಚಿನ ಒಂದು ತುಂಡನ್ನು ಮಣ್ಣು ತುಂಬಿಸಿ ಎತ್ತರಿಸುವುದಿತ್ತು. ಅದಕ್ಕೆ ಮೊದಲು ಅಲ್ಲಿ ಏನೇನಿದೆ ಎಂದು ನಕ್ಷೆಯಲ್ಲಿ ಗುರುತಿಸುವುದು ನನ್ನ ಕೆಲಸ. ಮರವಿದ್ದರೆ ಒಂದೊಂದನ್ನೂ ಎಣಿಸಿ, ಸುತ್ತಳತೆ ಅಳೆದು, ಪಟ್ಟಿ ಮಾಡಬೇಕು. ಪಟ್ಟಿಯಲ್ಲಿ ಮರವಿದ್ದರೆ ಕಡತ ಮತ್ತೊಂದು ಮೇಜಿಗೆ ಹೋಗಿ ಪರಿಶೀಲನೆಯಾಗಬೇಕು. ಕುರುಚಲು ಇದ್ದರೆ ಆ ಒಂದು ಪದ ಬರೆದರೆ ಸಾಕು.

ಅಲ್ಲಿ ಪ್ರತಿದಿನ ನನಗೆ ಸಿಗುತ್ತಿದ್ದವರು ದಡದ ಹಳ್ಳಿಯ ಹಜ್ಜಿ ಮನ್ಸೂರ್ ಎಂಬ ಮೀನುಗಾರ. ಆಗ ಐವತ್ತರ ಆಸುಪಾಸು. ಮೀನು ಹಿಡಿಯಲು ನೀರಿನಲ್ಲಿ ಖರ್ಜೂರದ ಗರಿಯಿಂದ ಕಟ್ಟಿದ ಅವರ ಮೀನುಬೇಲಿ ಕುರ್ಮ್ ಮರಗಳ ಪಕ್ಕದಲ್ಲೇ ಇತ್ತು. ಹೆಂಡತಿ ಆಡುಗಳಿಗೆ ಅದರ ಸೊಪ್ಪು ಕೊಯ್ಯುತ್ತಿದ್ದರು. ಮರದಿಂದ ಕಾಯಿ ಉದುರಿದರೆ ಸಿಗಡಿಯ ಕಾಲ ಬಂತೆಂದು ಅವರಿಗೆ ಲೆಕ್ಕ. ಬಕ್ರೀದಿನ ಹಿಂದಿನ ದಿನ ಊರಿನ ಮಕ್ಕಳು ಗರಿಯ ಪುಟ್ಟ ಬುಟ್ಟಿಗಳಲ್ಲಿ ಬೆಳೆಸಿದ ಪೈರನ್ನು ಹಾಡು ಹೇಳುತ್ತಾ ಸಮುದ್ರಕ್ಕೆ ಬಿಡುವುದು ಇಲ್ಲಿಯ ಪದ್ಧತಿ. ಆ ಹಳ್ಳಿಯಲ್ಲಿ ಅದಕ್ಕೆ ಎಲ್ಲರೂ ಸೇರುತ್ತಿದ್ದದ್ದು ಅಲ್ಲಿಯ ದೊಡ್ಡ ಕುರ್ಮ್ ಮರದ ಕೆಳಗೆ. ನಮ್ಮೂರಲ್ಲೂ ಈ ಮರ ಉಂಟೆಂದು ನಾನು ಹೇಳಿದ ದಿನ ಅವರು ನನ್ನ ಕೈ ಹಿಡಿದು ದಡದುದ್ದಕ್ಕೂ ನಡೆಸಿದ್ದರು. "ನಿನಗೆ ಗೊತ್ತು. ಹಾಗಾದರೆ ನೀನು ಬರೆ" ಎಂದಿದ್ದರು.

ಎಣಿಸಲು ಕೆಸರಿನಲ್ಲಿ ಎರಡು ವಾರವಾದರೂ ಬೇಕಿತ್ತು. ನನ್ನ ರಜೆಯ ವಿಮಾನಕ್ಕೆ ಉಳಿದದ್ದು ಐದೇ ದಿನ. ಮೇಲಿನವರು ಹೇಳಿದರೆಂದು ನೆಪ ಹೇಳಲಾರೆ. ಯಾರೂ ಏನೂ ಹೇಳಿರಲಿಲ್ಲ. ನಾನೇ ಕುರುಚಲು ಎಂದು ಬರೆದೆ. ಹೊರಡುವ ದಿನ ಹಜ್ಜಿ "ಬರೆದೆಯಾ?" ಎಂದು ಕೇಳಿದಾಗ "ಕತಬ್ತ್, ಬರೆದೆ" ಎಂದೆ. ಅವರು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು ಕಳಿಸಿದರು.

ಮೂರನೆಯ ದಿನ ಸಿತ್ರಾಕ್ಕೆ ಬಸ್ಸು ಹಿಡಿದೆ. ಟಿಕೆಟ್ ಮುನ್ನೂರು ಫಿಲ್ಸ್. ಹಳ್ಳಿಯ ಮಸೀದಿ ಇದ್ದಲ್ಲೇ ಇತ್ತು. ಅದರಿಂದ ದಿಕ್ಕು ಹಿಡಿದು, ಹೆಜ್ಜೆ ಎಣಿಸಿ, ಆ ದೊಡ್ಡ ಮರವಿದ್ದ ಜಾಗ ಹುಡುಕಿದೆ. ಅಲ್ಲೀಗ ಹಳೆಯ ಟೈರು ರಾಶಿ ಹಾಕಿದ ಗ್ಯಾರೇಜಿನ ಅಂಗಳ. ಒಬ್ಬ ಮೆಕ್ಯಾನಿಕ್ ಕಾರಿನ ಕೆಳಗಿನಿಂದ ತಲೆ ಹೊರಹಾಕಿ "ಕ್ಯಾ ಚಾಹಿಯೆ?" ಎಂದ. ಏನೂ ಬೇಡವೆಂದು ಹೇಳಿ ಹೊರಬಂದೆ. ಸಮುದ್ರ ಅಲ್ಲಿಂದ ಕಣ್ಣಿಗೆ ಕಾಣುವಷ್ಟು ಹತ್ತಿರವೂ ಇರಲಿಲ್ಲ.

ಬಾಯಾರಿಕೆಗೆ ಒಂದು ಕೋಲ್ಡ್ ಸ್ಟೋರಿಗೆ ನುಗ್ಗಿದೆ. ಇಲ್ಲಿ ಬೀದಿ ಮೂಲೆಯ ದಿನಸಿ ಅಂಗಡಿಗೆ ಹಾಗೆನ್ನುತ್ತಾರೆ. ಗಲ್ಲಾದಲ್ಲಿದ್ದವರು ಉಪ್ಪಳದ ಹಮೀದ್. ನಾನು ಶಾಲಿನಿಗೆ ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ತಾವೇ ಮಾತಿಗೆಳೆದರು. ಹಜ್ಜಿ ಮನ್ಸೂರ್ ಗೊತ್ತೇ ಎಂದು ಕೇಳಿದೆ.

"ಗೊತ್ತಿಲ್ಲದೆ ಉಂಟಾ! ಈಚೆ ಗಲ್ಲಿಯಲ್ಲೇ ಮನೆ. ಎಂಬತ್ತು ದಾಟಿತು, ಗಟ್ಟಿ ಇದ್ದಾರೆ. ಮಗಳು ಟೀಚರ್." ಹಮೀದ್ ನನ್ನನ್ನೇ ದಿಟ್ಟಿಸಿದರು. "ಅಲ್ಲ ಮಾರಾಯ್ರೆ, ನೀವು ಮೊದಲು ಇಲ್ಲಿ ಸರ್ವೆ ಮಾಡಿದವರಾ? ಹಜ್ಜಿ ಯಾವಾಗಲೂ ಹೇಳ್ತಾರೆ. ಒಬ್ಬ ಹಿಂದಿ ಮುಹಂದಿಸ್ ಇದ್ದ, ನಮ್ಮ ಮರ ಅವನ ಊರಲ್ಲೂ ಉಂಟಂತೆ, ಅವನು ಸರಿಯಾಗಿ ಬರೆದಿದ್ದ, ಆಮೇಲೆ ಕಾಗದವನ್ನು ಯಾರೋ ಮುಚ್ಚಿ ಹಾಕಿದ್ರು ಅಂತ. ಆ ಮುಹಂದಿಸ್ ನೀವೇಯಾ?"

ಇಂಜಿನಿಯರಿಗೆ ಅರಬ್ಬಿಯಲ್ಲಿ ಮುಹಂದಿಸ್ ಎನ್ನುತ್ತಾರೆ. ಭಾರತದವರೆಲ್ಲ ಅವರಿಗೆ ಹಿಂದಿ. ಕೈಯಲ್ಲಿದ್ದ ಮಜ್ಜಿಗೆಯ ಬಾಟಲಿ ಅರ್ಧಕ್ಕೆ ಬಿಟ್ಟು, ಮೊದಲು ಸಿಕ್ಕ ಬಸ್ಸಿನಲ್ಲೇ ಸನದ್‌ಗೆ ಮರಳಿದೆ.

ಶಾಲಿನಿಗೆ ಎಲ್ಲ ಹೇಳಿದೆ. ಅವಳು ಬಟಾಟೆ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ಮಾವ, ಅಷ್ಟು ಪ್ರಾಯದವರು. ಒಳ್ಳೇದು ಅಂತ ನಂಬಿಕೊಂಡಿದ್ದಾರೆ. ಈಗ ಹೋಗಿ ಹೇಳಿ ಎಂತ ಆಗ್ಬೇಕು? ನಿಮ್ಮ ಮನಸ್ಸು ಹಗುರ ಆಗ್ಲಿಕ್ಕಾ?"

ಅವಳು ಹೇಳಿದ್ದರಲ್ಲಿ ಸತ್ಯವಿತ್ತು. ಆದರೆ ಇಲ್ಲದ ಹೊಗಳಿಕೆಯನ್ನು ಮೂವತ್ತು ವರ್ಷ ಒಬ್ಬರ ಬಾಯಿಂದ ಹೇಳಿಸಿಕೊಂಡು, ಅವರ ಮನೆಯ ಗಲ್ಲಿವರೆಗೆ ಹೋಗಿ, ಮುಖ ತೋರಿಸದೆ ಬಂದದ್ದು ನನ್ನಿಂದ ತಾಳಲಾಗಲಿಲ್ಲ.

ನಾಲ್ಕನೆಯ ದಿನ ಹೋದೆ. ಬಾಗಿಲು ತೆರೆದವಳು ಮಗಳು ಜಹ್ರಾ. ಆಗ ಹನ್ನೆರಡರ ಹುಡುಗಿ, ಈಗ ಕನ್ನಡಕ ಹಾಕಿದ ಶಾಲಾ ಶಿಕ್ಷಕಿ. ಹೆಸರು ಹೇಳಿದೊಡನೆ ಗುರುತು ಹಿಡಿದು ಒಳಗೆ ಕೂಗಿದಳು. ಹಜ್ಜಿ ಗೋಡೆ ಹಿಡಿದುಕೊಂಡು ಬಂದರು. ಬೆನ್ನು ಬಾಗಿತ್ತು, ಅಂಗೈ ಮಾತ್ರ ಹಾಗೇ ಒರಟು.

"ಯಾ ಮುಹಂದಿಸ್! ಇಷ್ಟು ದಿನ ಎಲ್ಲಿದ್ದೆ?" ಎಂದು ಹಿಂದಿ ಬೆರೆಸಿ ಕೇಳಿ, ಹಿಂದಿನಂತೆಯೇ ಎರಡೂ ಕೆನ್ನೆಗೆ ಮುತ್ತಿಟ್ಟರು.

ನೆಲದ ಮೆತ್ತೆಯ ಮೇಲೆ ಕುಳಿತೆವು. ಕಹಿ ಕಾಫಿ, ಖರ್ಜೂರ ಬಂತು. ಹಜ್ಜಿಯ ಹೆಂಡತಿ ಈಗಿಲ್ಲ. ಆಡುಗಳೂ ಇಲ್ಲ. ಮೀನುಬೇಲಿ ಹೋದ ಮೇಲೆ ಅವರು ಕಾವಲು ಕೆಲಸಕ್ಕೆ ಸೇರಿದ್ದರಂತೆ. "ನೀನು ಮಾಡಬೇಕಾದ್ದು ಮಾಡಿದೆ. ಅವರು ಕೇಳಲಿಲ್ಲ" ಎಂದು ನನ್ನ ಮೊಣಕಾಲು ತಟ್ಟಿದರು.

ನನ್ನ ಅರಬ್ಬಿಯೂ ಅವರ ಹರಕು ಹಿಂದಿಯೂ ಇದಕ್ಕೆ ಸಾಲದೆಂದು ಜಹ್ರಾಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಪಟ್ಟಿ ಮಾಡಲಿಲ್ಲ, ಕುರುಚಲು ಎಂದು ಬರೆದೆ, ರಜೆಯ ಆತುರಕ್ಕೆ ಬರೆದೆ, ದಯವಿಟ್ಟು ತಂದೆಗೆ ಹೇಳು ಎಂದೆ. ಕಾಫಿ ಹೂಜಿ ಹಿಡಿದಿದ್ದ ಅವಳ ಕೈ ನಿಂತಿತು.

"ಇದನ್ನು ನಾನು ಅವರಿಗೆ ಹೇಳುವುದಿಲ್ಲ" ಎಂದಳು. ದನಿ ಏರಿರಲಿಲ್ಲ. "ಇಲ್ಲಿ ಕುಳಿತು ಎಷ್ಟು ಮಂದಿಗೆ ನಿಮ್ಮ ಹೆಸರು ಹೇಳಿದ್ದಾರೆ ಗೊತ್ತೇ? ಕಾಫಿ ಕುಡಿಯಿರಿ. ಹೊರಡಿ."

ಹಜ್ಜಿ ಇಬ್ಬರ ಮುಖವನ್ನೂ ನೋಡಿದರು. "ಏನಂತೆ?" ಎಂದು ಮಗಳನ್ನು ಕೇಳಿದರು. ಅವಳು ಖರ್ಜೂರದ ತಟ್ಟೆಯನ್ನು ಅವರತ್ತ ಸರಿಸಿದಳು. ನಾನೇ ಬಾಯಿ ತೆರೆದೆ. ಮೂವತ್ತು ವರ್ಷ ಆಡದ ಭಾಷೆಯಲ್ಲಿ ಸಿಕ್ಕಿದ್ದು ನಾಲ್ಕೇ ಪದ.

"ಅನಾ ಮಾ ಕತಬ್ತ್ ಶಜರ್." ಮರವೆಂದು ನಾನು ಬರೆಯಲಿಲ್ಲ.

ಹಜ್ಜಿ ಕೈಯ ಜಪಮಣಿ ಮೆತ್ತೆಯ ಮೇಲೆ ಇಟ್ಟು, ಮಗಳ ಕಡೆ ತಿರುಗಿ ನಿಧಾನವಾಗಿ ಏನೋ ಹೇಳಿದರು. "ಇದನ್ನು ಅವನಿಗೆ ಸರಿಯಾಗಿ ಹೇಳು" ಎಂದದ್ದು ಮಾತ್ರ ನನಗೆ ತಿಳಿಯಿತು. ಜಹ್ರಾ ನೆಲ ನೋಡುತ್ತಾ ಇಂಗ್ಲಿಷಿಗೆ ತಿರುಗಿಸಿದಳು.

"ನೀನು ಊರಿಗೆ ಹೋದ ವಾರ ಹಳ್ಳಿಯವರೆಲ್ಲ ಈ ಕೋಣೆಯಲ್ಲೇ ಸೇರಿದ್ದರು. ಎಲ್ಲರೂ ಹೆಬ್ಬೆಟ್ಟು ಒತ್ತಿ ಒಂದು ಅರ್ಜಿ ಕೊಡೋಣ, ಮರ ಇರುವ ಜಾಗ ಬಿಟ್ಟು ಮಣ್ಣು ಹಾಕಲಿ ಎಂದರು. ಬೇಡವೆಂದು ತಡೆದವನು ನಾನು. ಮುಹಂದಿಸ್ ಬರೆದಿದ್ದಾನೆ, ಅವನಿಗೆ ಆ ಮರ ಗೊತ್ತು, ನಾವು ಗಲಾಟೆ ಮಾಡುವುದು ಬೇಡ ಎಂದೆ. ಅವರು ನನ್ನ ಮಾತು ಕೇಳಿ ಮನೆಗೆ ಹೋದರು."

ನನ್ನ ತಪ್ಪು ಎಷ್ಟು ದೊಡ್ಡದೆಂದು ಲೆಕ್ಕ ಹಾಕಿಯೇ ಬಂದಿದ್ದೇನೆ ಅಂದುಕೊಂಡಿದ್ದೆ. ಇದು ನನಗೆ ಗೊತ್ತಿರಲಿಲ್ಲ. ಕ್ಷಮೆ ಕೇಳಲೆಂದು ಬಂದವನು ಕೇಳದೆಯೇ ಏಳಲು ಹೊರಟೆ. ಹಜ್ಜಿ ಕೈ ಅಡ್ಡ ಹಿಡಿದು, "ಊಟ" ಎಂದರು.

ಅನ್ನ, ಹುರಿದ ಸಾಫಿ ಮೀನು, ಮೂಲಂಗಿ ಸೊಪ್ಪು. ಮೀನಿನ ಮುಳ್ಳು ಬಿಡಿಸಿ ಒಳ್ಳೆಯ ತುಂಡುಗಳನ್ನು ಅವರೇ ನನ್ನ ಮುಂದೆ ಇಟ್ಟರು. ಕೈ ತೊಳೆದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ಗೇಟಿನ ಹತ್ತಿರ ಅರ್ಧಕ್ಕೆ ಕತ್ತರಿಸಿದ ನೀರಿನ ಬಾಟಲಿಗಳ ಸಾಲಿತ್ತು. ಒಂದೊಂದರಲ್ಲೂ ಗೇಣುದ್ದದ ಕುರ್ಮ್ ಸಸಿ. ಕಳೆದ ಬೇಸಗೆ ಮುಗಿಯುವಾಗ ಉದುರಿದ ಕಾಯಿ ಆಯ್ದು ತಂದು ಜಹ್ರಾ ಬೆಳೆಸಿದ್ದು. ನಾನು ಬಗ್ಗಿ ನೋಡುತ್ತಿದ್ದಾಗ ಅವಳು ಹಿಂದಿನಿಂದ ಕೇಳಿದಳು.

"ಮರ ಎಣಿಸುವ ಕೆಲಸ ಈಗಲೂ ಮಾಡಬಲ್ಲಿರಾ?"

ಹಳ್ಳಿಯ ದೋಣಿಕಟ್ಟೆಯ ಹಿಂದೆ, ರಕ್ಷಿತ ಜಾಗದ ಹೊರಗೆ, ಒಂದು ಸಣ್ಣ ಕುರ್ಮ್ ತೋಪು ಇನ್ನೂ ಇದೆಯಂತೆ. ಅದರ ಒಂದು ತುದಿಗೆ ಹೋದ ವರ್ಷ ಯಾರೋ ಕಟ್ಟಡದ ಕಲ್ಲುಮಣ್ಣು ಸುರಿದು ಹೋದರು. ದೂರು ಕೊಡೋಣವೆಂದರೆ ಅಲ್ಲಿ ಮೊದಲು ಎಷ್ಟು ಮರವಿತ್ತೆಂದು ತೋರಿಸಲು ಅವಳಲ್ಲಿ ಒಂದು ಕಾಗದವೂ ಇರಲಿಲ್ಲ.

"ನಾಳೆ ಬೆಳಿಗ್ಗೆ ಏಳಕ್ಕೆ ನೀರು ಇಳಿದಿರುತ್ತದೆ. ಬರುವುದಾದರೆ ಬನ್ನಿ" ಎಂದು ಗೇಟು ಹಾಕಿಕೊಂಡಳು.

ಕೋಟೆ, ಮಾಲ್ ಎಲ್ಲ ಬಿಟ್ಟೆ. ಶಾಲಿನಿ ಗಂಡನ ಕೆಲಸದ ಬೂಟು ಕೊಟ್ಟಳು. ಕೆಸರಿನಲ್ಲಿ ಮೊದಲ ಹತ್ತು ಹೆಜ್ಜೆಗೇ ಒಂದು ಬೂಟು ಹೂತುಹೋಯಿತು. ಕೊನೆಗೆ ಬರಿಗಾಲಿನಲ್ಲೇ ಇಳಿದೆ. ಶಾಲೆಗೆ ರಜೆ ಹಾಕಿದ್ದ ಜಹ್ರಾ ಟೇಪಿನ ಒಂದು ತುದಿ ಹಿಡಿದಳು, ನಾನು ಇನ್ನೊಂದು. ಪ್ರತಿ ಮರಕ್ಕೂ ಒಂದು ತಗಡಿನ ಚೀಟಿ, ನಂಬರು, ಸುತ್ತಳತೆ, ಎತ್ತರ, ದಡದ ಕಂಬದಿಂದ ದೂರ. ಉಸಿರುಬೇರು ತುಳಿಯದಂತೆ ಕಾಲಿಡಬೇಕು. ಅರವತ್ತೆಂಟರ ನನ್ನ ಸೊಂಟ ಮೊದಲ ದಿನಕ್ಕೇ ಕೈಕೊಟ್ಟಿತು. ಎರಡನೆಯ ದಿನ ಔಷಧಿ ತಿಂದು ಹೋದೆ. ಎಳೆಯ ಏಡಿಗಳು ಕಾಲ ಸಂದಿಯಲ್ಲಿ ಓಡುತ್ತಿದ್ದವು. ಕೆಲವು ಮರಗಳ ಬುಡದಲ್ಲಿ ಪ್ಲಾಸ್ಟಿಕ್ ಚೀಲ, ಹರಿದ ಬಲೆ. ಕಲ್ಲುಮಣ್ಣು ಸುರಿದ ತುದಿಯಲ್ಲಿ ಒಣಗಿದ ಮರಗಳು ಹೂತಲ್ಲೇ ನಿಂತಿದ್ದವು. ಅವನ್ನೂ ಬರೆದೆವು, ಸತ್ತದ್ದು ಎಂದು.

ಹಜ್ಜಿ ಎರಡನೆಯ ದಿನ ಬಂದರು. ದಡದ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತರು. ನನ್ನ ಜೊತೆ ಮಾತಿಲ್ಲ. ಏನು ಹೇಳುವುದಿದ್ದರೂ ಮಗಳಿಗೆ ಕೂಗಿ ಹೇಳುತ್ತಿದ್ದರು. "ಆ ಬಾಗಿದ್ದರ ಹಿಂದೆ ಇನ್ನೊಂದಿದೆ." ಹೋಗಿ ನೋಡಿದರೆ ಇರುತ್ತಿತ್ತು. ಮೂರನೆಯ ದಿನ, ನೀರು ಮತ್ತೆ ಏರಲು ತೊಡಗಿದಾಗ, ಕಟ್ಟೆಗೆ ತಾಗಿ ನಿಂತ ಕೊನೆಯ ಮರವನ್ನು ಅಳೆಯುತ್ತಿದ್ದೆವು. ಬುಡದಲ್ಲಿ ಹಗ್ಗ ಉಜ್ಜಿ ಸವೆದ ಗುರುತಿತ್ತು. ಆಗ ಅವರು ಮೊದಲ ಸಲ ನನ್ನನ್ನೇ ನೋಡಿ ಹಿಂದಿಯಲ್ಲಿ ಮಾತಾಡಿದರು.

"ಇದಕ್ಕೆ ನನ್ನ ತಂದೆ ದೋಣಿ ಕಟ್ಟುತ್ತಿದ್ದರು. ಬರೆದೆಯಾ?"

"ಬರೆದೆ."

ಅವರು ಕೋಲನ್ನು ಮಗಳ ಕಡೆ ಚಾಚಿದರು. "ಜಹ್ರಾ, ಪುಸ್ತಕ ನೋಡು."

ಜಹ್ರಾ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಗಟ್ಟಿಯಾಗಿ ಓದಿದಳು. ಕುರ್ಮ್, ನಂಬರು ತೊಂಬತ್ತಮೂರು, ಸುತ್ತಳತೆ ಇಷ್ಟು, ಎತ್ತರ ಇಷ್ಟು. ಹಜ್ಜಿ ತಲೆಯಾಡಿಸಿ ಕುರ್ಚಿಯಿಂದ ಎದ್ದರು. ನಾನು ಕೈ ಕೊಡಲು ಹೋದೆ. ಅವರು ಕೋಲೂರಿ ತಾವೇ ದಡ ಹತ್ತಿದರು.

ಆ ಸಂಜೆ ಪಟ್ಟಿಯನ್ನು ಶುದ್ಧ ಪ್ರತಿ ಮಾಡಿ, ನಕ್ಷೆ ಬಿಡಿಸಿ, ಕೆಳಗೆ ನನ್ನ ಹೆಸರು, ಊರು ಬರೆದು ಸಹಿ ಹಾಕಿ ಕೊಟ್ಟೆ. ಇದರಿಂದ ಆ ತೋಪು ಉಳಿಯುತ್ತದೆಯೇ ಎಂದು ಜಹ್ರಾಳನ್ನು ಕೇಳಿದೆ. "ಗೊತ್ತಿಲ್ಲ. ಅಲ್ಲಿ ಮರವೇ ಇರಲಿಲ್ಲವೆನ್ನಲಂತೂ ಆಗುವುದಿಲ್ಲ ಅವರಿಗೆ" ಎಂದಳು.

ಮರುದಿನ ಮಧ್ಯಾಹ್ನ ವಿಮಾನ. ಶಾಲಿನಿ ರಜೆ ಹಾಕಿ ಮುಹರ್ರಕ್‌ಗೆ ಬಿಡಲು ಬಂದಳು. ಒಳಗೆ ಹೋಗುವ ಬಾಗಿಲಲ್ಲಿ ಜಹ್ರಾ ನಿಂತಿದ್ದಳು, ಮನೆಯಿಂದ ನೇರ ಬಂದವಳು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ರೊಟ್ಟಿ, ಇನ್ನೂ ಬಿಸಿ.

"ತಂದೆ ಕಳಿಸಿದ್ದು, ದಾರಿಗೆ. ಒಂದು ಮಾತೂ ಹೇಳಿದ್ದಾರೆ." ಅವಳು ತಂದೆಯ ಮಾತನ್ನು ಮೊದಲು ಅರಬ್ಬಿಯಲ್ಲಿ ತನಗೇ ಹೇಳಿಕೊಂಡು, ಆಮೇಲೆ ನನಗೆ ಹೇಳಿದಳು. "ಊರಿಗೆ ಹೋಗಿ, ಹಜ್ಜಿ ನನ್ನನ್ನು ಕ್ಷಮಿಸಿದ ಎಂದು ಹೇಳಬೇಡ. ಊಟ ಹಾಕಿದ ಎಂದು ಹೇಳು."

ಶಾಲಿನಿ ನನ್ನ ತೋಳು ಹಿಡಿದುಕೊಂಡಳು. ಜಹ್ರಾ ಕೈ ಎದೆಯ ಮೇಲಿಟ್ಟು ಒಮ್ಮೆ ತಲೆಬಾಗಿ, ಹೊರಗೆ ನಡೆದಳು.

ವಿಮಾನ ಏರಿ ದಕ್ಷಿಣಕ್ಕೆ ವಾಲಿದಾಗ ಕಿಟಕಿಯಲ್ಲಿ ಕೊಲ್ಲಿ ಕಾಣಿಸಿತು. ಸುತ್ತ ಬೂದು, ಬಿಳಿ, ರಸ್ತೆ, ಚಾವಣಿ. ಸನದ್ ಕಡೆಯ ಹಸಿರು ಸ್ಪಷ್ಟವಾಗಿ ಕಂಡಿತು. ಎದುರಿನ ದಡದ ತೋಪನ್ನು ಹುಡುಕುತ್ತಿದ್ದೆ. ಸಿಕ್ಕಿತೆನ್ನುವಷ್ಟರಲ್ಲಿ ರೆಕ್ಕೆ ಅಡ್ಡ ಬಂತು. ರೆಕ್ಕೆ ಸರಿದಾಗ ಕೆಳಗೆ ಬರೀ ಸಮುದ್ರವಿತ್ತು.